ಪೆಟ್ರೋಲಿನ ಊರಲ್ಲಿ ಪೆಟ್ರೋಲ್ ಉಳಿಸಹೊರಟಾಗ

ಕುಡಿಯುವ ನೀರಿನ ಬಾಟಲಿಗಿಂತ ಪೆಟ್ರೋಲು ಅಗ್ಗವಾಗಿರುವ ಊರಿನಲ್ಲಿ, ಪೆಟ್ರೋಲ್ ಕಡಿಮೆ ಕುಡಿಯುವ ಕಾರು ಇಟ್ಟುಕೊಂಡವರಿಗೆ ದಿನ ಬೆಳಗಾದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾವಾಗಿ ಏನೂ ಮಾಡಬೇಕಿಲ್ಲ, ಸುಮ್ಮನೆ ಕಾರು ಹತ್ತಿದರೆ ಸಾಕು.

ಕುವೈತಿನಲ್ಲಿ ನಾವಿದ್ದದ್ದು ಸಲ್ವಾದಲ್ಲಿ. ನಮ್ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ. ನನಗೆ ಶುಐಬಾದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಎಣ್ಣೆಯ ಸ್ಯಾಂಪಲ್ಲುಗಳನ್ನು ಗಾಜಿನ ಕೊಳವೆಗೆ ಹಾಕಿ ಅಳೆಯುವುದೇ ನನ್ನ ಉದ್ಯೋಗ. ಅಳೆಯುವ ಚಟ ಒಮ್ಮೆ ಹತ್ತಿದರೆ ಮನೆಗೆ ಬಂದ ಮೇಲೂ ಬಿಡುವುದಿಲ್ಲ. ಹಾಗಾಗಿ ನನ್ನ ಕೈಗೆ ಹೈಬ್ರಿಡ್ ಕಾರು ಬಂದಾಗ, ಅದರ ಮುಂದಿನ ಸ್ಕ್ರೀನಿನಲ್ಲಿ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಅಂತ ಒಂದು ನಂಬರ್ ಕಾಣಿಸಿದಾಗ, ನನ್ನ ಕಥೆ ಮುಗಿಯಿತು. ಆ ನಂಬರು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ, ಎಲ್ಲಿಯವರೆಗೆ ಏರೀತು? ಇದು ಹಣ ಉಳಿಸುವ ವಿಷಯವೇ ಅಲ್ಲ, ಆ ಊರಲ್ಲಿ ಪೆಟ್ರೋಲಿಗೆ ಯಾರು ಲೆಕ್ಕ ಇಡುತ್ತಾರೆ! ಬರೀ ಕುತೂಹಲ. ಆದರೆ ಕುತೂಹಲಕ್ಕೆ ನಿಧಾನ ಹೋಗುವವರನ್ನು ರಸ್ತೆಯಲ್ಲಿ ಯಾರೂ ನಂಬುವುದಿಲ್ಲ.

ಸತ್ತ ಕಾರು

ಆ ಕಾಲದಲ್ಲಿ ಕುವೈತಿನಲ್ಲಿ ಹೈಬ್ರಿಡ್ ಕಾರು ಬಲು ಅಪರೂಪ. ಗುತ್ತಿಗೆ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ವಿದೇಶಿ ಇಂಜಿನಿಯರ್ ಒಬ್ಬ ತನ್ನದನ್ನು ಮಾರುತ್ತಿದ್ದಾನೆ ಅಂತ ತಿಳಿದು ನಾವು ನೋಡಲು ಹೋದೆವು. ನಮ್ಮನೆಯವರಿಗೆ ಕಾರಿನ ಬಗ್ಗೆ ಗೊತ್ತಿರುವುದು ಅದರ ಬಣ್ಣ ಮಾತ್ರ. ಅದಕ್ಕೆ ಅಬ್ಬಾಸಿಯಾದಲ್ಲಿ ಕಾರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ ಬಂಟ್ವಾಳ ಕಡೆಯ ಬ್ಯಾರಿ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆವು. ನಾನು ಅವರನ್ನು ಭಾಯಿ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ಯಾರು ದೊಡ್ಡವರು ಅಂತ ಇಬ್ಬರೂ ಕೇಳಿಕೊಂಡಿರಲಿಲ್ಲ.

"ನಂಗೆ ಬಾನೆಟ್ ತೆಗೆಯೋದೇ ಬೇಡ ಅಕ್ಕ," ಅಂದರು ಭಾಯಿ. "ಇಂಜಿನಿನ ಸದ್ದು ಕೇಳಿದ್ರೆ ಸಾಕು, ಅದರ ಜಾತಕ ಹೇಳ್ತೇನೆ."

ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿ ಮುಂದೆ ಮಾಡಿ ಬಟನ್ ಒತ್ತಿದರು. ಸ್ಕ್ರೀನ್ ಬೆಳಗಿತು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು. ಸ್ಕ್ರೀನ್ ಆರಿತು. ಮತ್ತೊಮ್ಮೆ ಒತ್ತಿದರು. ಬೆಳಗಿತು. ಸದ್ದು ಮಾತ್ರ ಇಲ್ಲ.

ಮಾಲೀಕ ನಗುತ್ತಾ, ಕಾರು ಆನ್ ಆಗಿದೆ ಅಂತ ಇಂಗ್ಲಿಷಿನಲ್ಲಿ ಹೇಳಿದ. ಭಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಆನ್ ಉಂಟಂತೆ! ನಮ್ಮನ್ನು ಎಂತ ಅಂತ ತಿಳ್ಕೊಂಡಿದ್ದಾನೆ ಇವ? ಬ್ಯಾಟರಿ ಹೋಗಿದೆ, ಸೆಲ್ಫ್ ಹೋಗಿದೆ. ಇದು ಸತ್ತಿದೆ ಅಕ್ಕ, ಬೇಡವೇ ಬೇಡ," ಅಂದರು.

"ಒಂದು ಸಲ ಗೇರ್ ಹಾಕಿ ನೋಡಿ ಭಾಯಿ."

"ಸತ್ತ ಕಾರಿಗೆ ಗೇರ್ ಹಾಕಿದ್ರೆಷ್ಟು, ಬಿಟ್ರೆಷ್ಟು? ನೋಡಿ, ಹಾಕಿದೆ. ನೋಡಿ, ಬ್ರೇಕೂ ಬಿಟ್ಟೆ. ಈಗ ಎಂತ ಆಯ್ತು?"

ಕಾರು ಮೆಲ್ಲಗೆ ಮುಂದೆ ಹೋಗತೊಡಗಿತು. ಇಂಜಿನ್ನಿಲ್ಲ, ಉಸಿರಿಲ್ಲ, ಟೈರಿನ ಕೆಳಗೆ ಮರಳು ಕರಕರ ಅನ್ನುವುದು ಮಾತ್ರ ಕೇಳಿಸುತ್ತಿತ್ತು.

"ಇಳಿಜಾರು ಉಂಟು ಇಲ್ಲಿ," ಅಂದರು ಭಾಯಿ, ಗಾಬರಿಯಿಲ್ಲದೆ.

ಕುವೈತ್ ದೋಸೆ ಕಾವಲಿಯ ಹಾಗೆ ಸಪಾಟಾಗಿರುವ ದೇಶ. ನಾನು "ಭಾಯಿ, ಬ್ರೇಕು!" ಅಂತ ಕೂಗುವಷ್ಟರಲ್ಲಿ ಕಾರು ಹೋಗಿ ಮುನಿಸಿಪಾಲಿಟಿಯ ದೊಡ್ಡ ಕಸದ ತೊಟ್ಟಿಯನ್ನು ಮೃದುವಾಗಿ ಮುಟ್ಟಿ ನಿಂತಿತು. ತೊಟ್ಟಿಯೊಳಗಿನ ಬೆಕ್ಕುಗಳೆಲ್ಲ ಒಂದೇ ನೆಗೆತಕ್ಕೆ ಹೊರಗೆ ಬಂದವು.

ಭಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಖ ಬಿಳಿಚಿತ್ತು. "ಅಕ್ಕ, ಇದು ಸತ್ತ ಮೇಲೂ ಓಡ್ತದೆ ಮಾರಾಯ್ರೆ!"

ಕಾರಿಗೆ ಗೀರೂ ಬಿದ್ದಿರಲಿಲ್ಲ. ನಿಧಾನಕ್ಕೆ ಹೋಗುವಾಗ ಇದು ಬ್ಯಾಟರಿಯಲ್ಲೇ ಸದ್ದಿಲ್ಲದೆ ಓಡುತ್ತದೆ ಅಂತ ಮಾಲೀಕ ವಿವರಿಸಿದ ಮೇಲೆ ಭಾಯಿ ಒಪ್ಪಿದರು. "ತಕೊಳ್ಳಿ. ಆದರೆ ಇದು ಸದ್ದು ಮಾಡಿದ ದಿನ ಕೂಡಲೇ ನಂಗೆ ಫೋನ್ ಮಾಡಿ. ಎಂತದೋ ರಿಪೇರಿ ಬಂದಿದೆ ಅಂತ ಅರ್ಥ."

ಕಾರು ನಮ್ಮದಾಯಿತು. ಮನೆಗೆ ತರುವಾಗ ಮೊದಲ ಸಿಗ್ನಲ್ ದಾಟುತ್ತಿದ್ದ ಹಾಗೇ ಇಂಜಿನ್ ಗುರ್ ಅಂತ ಶುರುವಾಯಿತು. ನಮ್ಮನೆಯವರು ತಕ್ಷಣ ಫೋನ್ ತೆಗೆದರು.

ಟಿಶ್ಯೂ ಡಬ್ಬ

ಅಲ್ಲಿ ಟ್ಯಾಂಕ್ ತುಂಬಿಸಿದರೆ ಪೆಟ್ರೋಲ್ ಬಂಕಿನವರು ಒಂದು ಟಿಶ್ಯೂ ಡಬ್ಬ ಪುಕ್ಕಟೆ ಕೊಡುತ್ತಿದ್ದರು. ಹಳೆಯ ಕಾರಿದ್ದಾಗ ನಾನು ವಾರವಾರವೂ ಹೋಗುತ್ತಿದ್ದೆ. ನಮ್ಮ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವನು ಬಾಂಗ್ಲಾದೇಶದವನು. ನನ್ನ ಕಾರು ಕಂಡ ಕೂಡಲೇ ಸಲಾಂ ಹೊಡೆದು, ಗಾಜು ಒರೆಸಿ, ಡಬ್ಬವನ್ನು ಹಿಂದಿನ ಸೀಟಿನ ಮೇಲೆ ತಾನೇ ಇಡುತ್ತಿದ್ದ.

ಹೊಸ ಕಾರು ಬಂದ ಮೇಲೆ ಬಂಕಿನ ಕಡೆ ತಲೆ ಹಾಕುವುದೇ ಕಡಿಮೆಯಾಯಿತು. ತುಂಬ ದಿನ ಬಿಟ್ಟು ಹೋದಾಗ ಅವನು ಸಲಾಂ ಹೊಡೆಯಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಪೈಪು ಹಿಡಿದ.

"ಕ್ಯಾ ಹುವಾ ಭಾಯ್?" ಅಂದೆ.

ಅವನು ಮೀಟರಿನಿಂದ ಕಣ್ಣು ತೆಗೆಯದೆ, "ಮೇಡಂ, ಮೇರಾ ಕೋಯಿ ಗಲ್ತಿ?" ಅಂದ. ತನ್ನದೇನಾದರೂ ತಪ್ಪಾಗಿ ನಾನು ಬೇರೆ ಬಂಕಿಗೆ ಹೋಗುತ್ತಿದ್ದೇನೆ ಅಂದುಕೊಂಡಿದ್ದ ಪಾಪ.

ಇಲ್ಲಪ್ಪಾ, ಈ ಕಾರು ಅರ್ಧ ದಾರಿ ಬ್ಯಾಟರಿಯಲ್ಲೇ ಹೋಗುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ, ಅದಕ್ಕೇ ಪೆಟ್ರೋಲ್ ಬೇಕಾಗುವುದೇ ಇಲ್ಲ ಅಂತ ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಆಮೇಲೆ ತಲೆಯಾಡಿಸಿ, "ಠೀಕ್ ಹೈ ಮೇಡಂ. ಸಚ್ ನಹೀಂ ಬೋಲ್ನಾ ತೋ ಮತ್ ಬೋಲೋ," ಅಂದ. ನಿಜ ಹೇಳಲು ಇಷ್ಟವಿಲ್ಲದಿದ್ದರೆ ಬೇಡ ಬಿಡಿ, ಅಂತ.

ಮನೆಯಲ್ಲಿ ಇನ್ನೊಂದು ಕಥೆ. ಕುವೈತಿನ ಧೂಳಿಗೆ ನಮ್ಮನೆಯವರ ಮೂಗು ವರ್ಷವಿಡೀ ಸುರಿಯುತ್ತದೆ. ಅಷ್ಟು ವರ್ಷ ಆ ಮೂಗು ನಡೆದದ್ದು ಬಂಕಿನ ಡಬ್ಬಗಳ ಮೇಲೆ ಅಂತ ನಮಗೆ ಗೊತ್ತಾದದ್ದೇ ಆಗ. ಒಂದು ಬೆಳಿಗ್ಗೆ ಟೈ ಕಟ್ಟಿಕೊಂಡು ಮನೆಯೆಲ್ಲ ಹುಡುಕಿದರು. ಅಡುಗೆಮನೆ, ಸ್ನಾನದಮನೆ, ಮಗಳ ಚೀಲ, ಎಲ್ಲೂ ಟಿಶ್ಯೂ ಇಲ್ಲ.

"ನಿನ್ನ ಕಾರು ಎಷ್ಟು ಕೊಡ್ತಿದೆ ಈಗ?" ಅಂತ ಕೇಳಿದರು.

"ಇಪ್ಪತ್ತೆರಡು!" ಅಂದೆ ಹೆಮ್ಮೆಯಿಂದ.

"ಅದನ್ನ ಸ್ವಲ್ಪ ಇಳಿಸೇ," ಅಂದರು ಮೂಗು ಹಿಡಿದುಕೊಂಡು. "ನಂಗೆ ನೆಗಡಿಯಾಗಿದೆ."

ಪೊಲೀಸರ ಮರುಕ

ಹೈಬ್ರಿಡ್ ಕಾರು ಓಡಿಸುವವರೆಲ್ಲ ಇಂಟರ್ನೆಟ್ಟಿನಲ್ಲಿ ಕೂತು ಮಾತಾಡಿಕೊಳ್ಳುವ ಒಂದು ಜಾಗ ನನಗೆ ಸಿಕ್ಕಿತ್ತು. ಅಲ್ಲಿಂದ ಕಲಿತ ವಿದ್ಯೆ ಇದು: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಬಾರದು. ಮೆತ್ತಗೆ ಎಂಬತ್ತಕ್ಕೆ ಏರಿಸಬೇಕು, ಕಾಲು ತೆಗೆದು ಕಾರನ್ನು ಅದರ ಪಾಡಿಗೆ ತೇಲಲು ಬಿಡಬೇಕು, ಅರವತ್ತಕ್ಕೆ ಇಳಿದಾಗ ಮತ್ತೆ ಏರಿಸಬೇಕು. ನಿಜವೇ ಅಂತ ನೋಡಬೇಡವೇ? ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಫಹಾಹೀಲ್ ರಸ್ತೆಯ ಬಲಬದಿಯ ಕೊನೆಯ ಸಾಲಿನಲ್ಲಿ ಪ್ರಯೋಗ ಶುರು ಮಾಡಿದೆ. ನಂಬರು ನಿಜಕ್ಕೂ ಏರತೊಡಗಿತು. ಎಂಥ ಖುಷಿ! ಆ ಖುಷಿಯಲ್ಲಿ ಹಿಂದೆ ಬರುತ್ತಿದ್ದ ಪೊಲೀಸ್ ಗಾಡಿ ನನಗೆ ಕಾಣಿಸಲೇ ಇಲ್ಲ.

ಪಕ್ಕಕ್ಕೆ ನಿಲ್ಲಿಸಿದರು. ಒಬ್ಬ ಚಿಗುರು ಮೀಸೆಯ ಪೊಲೀಸ್ ಬಂದು ಬಗ್ಗಿ ನೋಡಿದ. ಅವನ ಅರ್ಧ ಇಂಗ್ಲಿಷ್, ನನ್ನ ಕಾಲು ಅರೇಬಿಕ್.

"ಸಿಸ್ಟರ್, ನಿದ್ದೆ ಬರುತ್ತಿದೆಯಾ?"

"ಇಲ್ಲ."

"ಕಾರು ಕೆಟ್ಟಿದೆಯಾ?"

"ಇಲ್ಲ, ಚೆನ್ನಾಗಿದೆ."

"ಮತ್ತೆ ಯಾಕೆ ಒಮ್ಮೆ ಜೋರು, ಒಮ್ಮೆ ನಿಧಾನ?"

"ಪೆಟ್ರೋಲ್ ಉಳಿಸುತ್ತಿದ್ದೇನೆ."

ಅವನು ನನ್ನನ್ನೇ ನೋಡಿದ. ಆಮೇಲೆ ತಿರುಗಿ ತನ್ನ ಗಾಡಿಯಲ್ಲಿದ್ದ ಹಿರಿಯ ಅಧಿಕಾರಿಯನ್ನು ಕರೆದು ಅರೇಬಿಕ್‌ನಲ್ಲಿ ಏನೋ ಹೇಳಿದ. ಆ ಅಧಿಕಾರಿ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡರು. ನನ್ನ ಹತ್ತಿರ ಬರುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

"ಸಿಸ್ಟರ್, ಕಂಪನಿಯವರು ಸಂಬಳ ಕೊಟ್ಟಿಲ್ಲವಾ? ಹೆದರಬೇಡಿ, ಹೇಳಿ. ಎಲ್ಲಿ ಕೆಲಸ?"

"ಶುಐಬಾ. ಪೆಟ್ರೋಕೆಮಿಕಲ್."

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. ಪೆಟ್ರೋಲಿನ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸಿಗೇ ಪೆಟ್ರೋಲಿಗೆ ಗತಿಯಿಲ್ಲವೇ! ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಯಲ್ಲಾ, ಹೊರಡಿ, ನನ್ನ ಹಿಂದೆ ಬನ್ನಿ," ಅಂದರು. ದೀಪ ಮಿನುಗಿಸುತ್ತಾ ನನ್ನನ್ನು ಹತ್ತಿರದ ಬಂಕಿಗೆ ಕರೆದೊಯ್ದು, "ಫುಲ್ ಮಾಡು, ನನ್ನ ಲೆಕ್ಕಕ್ಕೆ," ಅಂತ ಬಂಕಿನವನಿಗೆ ಅಪ್ಪಣೆ ಕೊಟ್ಟರು.

ಪೈಪು ಇಟ್ಟದ್ದೇ ತಡ, ಟಕ್ ಅಂತ ನಿಂತಿತು. ಟ್ಯಾಂಕ್ ಮೊದಲೇ ತುಂಬಿತ್ತು.

ಅಧಿಕಾರಿ ಮೀಟರ್ ನೋಡಿದರು. ನನ್ನನ್ನು ನೋಡಿದರು. ಅವರ ದುಃಖ ನಿಧಾನವಾಗಿ ನನ್ನಿಂದ ಬೇರೆ ಕಡೆ ತಿರುಗಿತು. "ನಿಮಗೆ ಮದುವೆಯಾಗಿದೆಯಾ?" ಅಂದರು.

"ಹೌದು."

"ಅಲ್ಲಾಹು ನಿಮ್ಮ ಗಂಡನಿಗೆ ತಾಳ್ಮೆ ಕೊಡಲಿ," ಅಂದು, "ಇನ್ನು ಸರಿಯಾಗಿ ಓಡಿಸಿ, ನಾವು ಹಿಂದೆಯೇ ಇರುತ್ತೇವೆ," ಅಂದರು. ನಿಜವಾಗಿಯೂ ಹಿಂದೆಯೇ ಬಂದರು. ಶುಐಬಾದವರೆಗೂ ಕಾಲು ಒತ್ತಿಯೇ ಹೋದೆ. ಕಷ್ಟಪಟ್ಟು ಏರಿಸಿದ್ದ ನಂಬರೆಲ್ಲ ಇಳಿದುಹೋಯಿತು. ಪೊಲೀಸರ ಭಯಕ್ಕೆ ಜೋರಾಗಿ ಕಾರು ಓಡಿಸಿದವಳು ಇಡೀ ಕುವೈತಿನಲ್ಲಿ ನಾನೊಬ್ಬಳೇ ಇರಬೇಕು.

ಹಿಂದಿನ ಸೀಟಿನ ವರದಿ

ನನ್ನ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳನ್ನು ಶಾಲೆಗೆ ಬಿಡುವಾಗ ಹಿಂದಿನ ಸೀಟಿನಿಂದ ಅವಳ ವರದಿ ಬರುತ್ತಲೇ ಇರುತ್ತಿತ್ತು. "ಅಮ್ಮಾ, ಎವ್ರಿಬಡಿ ಈಸ್ ಓವರ್‌ಟೇಕಿಂಗ್ ಅಸ್."

"ಮಾಡಲಿ ಬಿಡು ಪುಟ್ಟಿ. ಮುಂದೆ ಸಿಗ್ನಲ್ ಕೆಂಪಿದೆ. ಅವರೆಲ್ಲ ಹೋಗಿ ನಿಲ್ಲುತ್ತಾರೆ, ನಾವು ತೇಲಿಕೊಂಡು ಹೋಗಿ ಸೇರುತ್ತೇವೆ."

"ಈವನ್ ದ ವಾಟರ್ ಟ್ಯಾಂಕರ್, ಅಮ್ಮಾ."

ಒಂದು ದಿನ ಅವಳ ಶಾಲೆಯ ಬಸ್ಸೇ ನಮ್ಮನ್ನು ದಾಟಿತು. ಅವಳು ಸೀಟಿನಲ್ಲಿ ಜಾರಿ, ತಲೆ ಕಾಣದ ಹಾಗೆ ಕೂತಳು. ಬಸ್ಸಿನ ಕಿಟಕಿಗಳಲ್ಲಿ ಮಕ್ಕಳೆಲ್ಲ ನಮ್ಮ ಕಡೆ ಕೈ ಬೀಸುತ್ತಿದ್ದರು.

"ಯಾಕೆ ಅಡಗಿಕೊಂಡೆ? ಫ್ರೆಂಡ್ಸ್ ಪ್ರೀತಿಯಿಂದ ಹಾಯ್ ಹೇಳ್ತಿದ್ದಾರೆ, ನೀನೂ ಹೇಳು."

ಸೀಟಿನ ಕೆಳಗಿನಿಂದ ಉತ್ತರ ಬಂತು: "ದೇ ಆರ್ ನಾಟ್ ಸೇಯಿಂಗ್ ಹಾಯ್. ದೇ ಆರ್ ಸೇಯಿಂಗ್ ಬೈ."

ಸೆರಗು ಎಳೆಯುವ ಕಾರು

ನಂಜನಗೂಡಿನಿಂದ ಅತ್ತೆ ಬಂದರು. ಬಂದವರಿಗೆ ಕಾರಿನಲ್ಲಿ ಒಂದೇ ಜಾಗ, ಹಿಂದಿನ ಸೀಟಿನ ಬಲಗಡೆ. ಅಲ್ಲಿಂದ ಅಂಗಡಿಗಳ ಬೋರ್ಡು ಚೆನ್ನಾಗಿ ಕಾಣುತ್ತದಂತೆ.

ಅವರು ಬಂದ ಮೇಲೆ ನಂಬರು ಇಳಿಯತೊಡಗಿತು. ಇಪ್ಪತ್ತೆರಡು ಇದ್ದದ್ದು ಇಪ್ಪತ್ತಾಯಿತು, ಹತ್ತೊಂಬತ್ತಾಯಿತು. ನನಗೆ ತಲೆ ಕೆಟ್ಟುಹೋಯಿತು. ಟೈರಿನ ಗಾಳಿ ನೋಡಿಸಿದೆ, ಸರಿಯಾಗಿತ್ತು. ಡಿಕ್ಕಿಯಲ್ಲಿದ್ದ ಅಕ್ಕಿಯ ಮೂಟೆ ಇಳಿಸಿದೆ, ಬದಲಾವಣೆ ಇಲ್ಲ. ಎಸಿ ಒಂದಿಷ್ಟು ಕಡಿಮೆ ಮಾಡಿದೆ, ನಮ್ಮನೆಯವರು ಹಬೆಯಲ್ಲಿಟ್ಟ ಇಡ್ಲಿಯಂತೆ ಉಬ್ಬಿ ಕೂತರು ಅಷ್ಟೇ, ನಂಬರು ಏರಲಿಲ್ಲ. ಆದರೆ ಏಕಾದಶಿ, ತಲೆನೋವು ಅಂತ ಅತ್ತೆ ಮನೆಯಲ್ಲೇ ಉಳಿದ ದಿನ ಮಾತ್ರ ನಂಬರು ಗಿರಗಿರ ಏರಿ ಮೊದಲಿನ ಜಾಗಕ್ಕೆ ಬರುತ್ತಿತ್ತು.

ಲ್ಯಾಬಿನಲ್ಲಾಗಿದ್ದರೆ ಅಲ್ಲಿಗೇ ವರದಿ ಬರೆದುಬಿಡುತ್ತಿದ್ದೆ. ಆದರೆ ಇದು ಯಾವ ಸೊಸೆಯೂ ಬರೆಯಬಹುದಾದ ವರದಿಯಲ್ಲ. ಆದರೂ ಬಾಯಿ ತಡೆಯದೆ ನಮ್ಮನೆಯವರ ಹತ್ತಿರ ಒಂದು ಮಾತು ಅಂದೆ.

"ಏನು? ನಮ್ಮಮ್ಮ ಭಾರ ಅಂತೀಯಾ?" ಅಂದರು.

"ಹಾಗಲ್ಲ ರೀ. ಅವರಿಗಿಂತ ಆ ಅಕ್ಕಿ ಮೂಟೆ ಭಾರ. ಅದಕ್ಕೇ ನನಗೂ ಅರ್ಥವಾಗ್ತಿಲ್ಲ."

"ಅಂದರೆ ತೂಗಿ ನೋಡಿದ್ದೀಯಾ?"

ಎರಡು ದಿನ ಮಾತು ನಿಂತಿತು.

ಅತ್ತೆಯದು ಬೇರೆಯೇ ದೂರು. ಕಾರಿನಲ್ಲಿ ಕೂತಾಗಲೆಲ್ಲ, "ಯಾರೋ ಸೆರಗು ಎಳೆದ ಹಾಗಾಗುತ್ತೆ ಕಣಮ್ಮ," ಅನ್ನುತ್ತಿದ್ದರು. ಸೀಟ್ ಬೆಲ್ಟ್ ಸಿಕ್ಕಿಕೊಂಡಿರಬೇಕು ಅಂತ ನಾವು ಸುಮ್ಮನಾಗಿದ್ದೆವು.

ಒಂದು ಶುಕ್ರವಾರ ಪರಿಚಯದವರ ಮನೆಯ ಪೂಜೆ ಮುಗಿಸಿ ವಾಪಸ್ ಬರುತ್ತಿದ್ದೆವು. ಹೊರಗೆ ಬೆಂಕಿಯಂಥ ಬಿಸಿಲು. ಇದ್ದಕ್ಕಿದ್ದಂತೆ ಅತ್ತೆ ಕಿಟಾರನೆ ಕಿರುಚಿದರು. "ನಿಲ್ಲಿಸೋ! ಎಳೀತಿದೆ, ಬಿಡ್ತಾ ಇಲ್ಲ! ಈ ಕಾರಲ್ಲಿ ಏನೋ ಸೇರ್ಕೊಂಡಿದೆ!"

ನಮ್ಮನೆಯವರು ಬದಿಗೆ ನಿಲ್ಲಿಸಿದರು. ನಾನು ಹಿಂದಿನ ಬಾಗಿಲು ತೆಗೆದೆ. ನೋಡಿದರೆ, ಸೀಟಿನ ಪಕ್ಕದಲ್ಲಿ ಒಂದು ಸಣ್ಣ ಜಾಲರಿ. ಅತ್ತೆಯ ಹತ್ತಿ ಸೀರೆಯ ಸೆರಗು ಅದಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಒಳಗಿನಿಂದ ಫ್ಯಾನ್ ಒಂದು ಉಸಿರು ಕಟ್ಟಿದ ಹಾಗೆ ಕುಂಯ್ ಅನ್ನುತ್ತಿದೆ.

"ಸಿಕ್ಕಿತು!" ಅಂತ ನಾನು ರಸ್ತೆ ಬದಿಯಲ್ಲೇ ಚಪ್ಪಾಳೆ ತಟ್ಟಿದೆ.

ಅತ್ತೆ ಬೆದರಿ ನನ್ನನ್ನು ನೋಡಿದರು. ನಾನು ವಿವರಿಸಿದೆ. ಈ ಕಾರಿನ ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೇ ಇದೆ. ಅದಕ್ಕೂ ಸೆಖೆ ಆಗುತ್ತದೆ. ಈ ಜಾಲರಿಯಿಂದ ತಂಪು ಗಾಳಿ ಎಳೆದುಕೊಳ್ಳುತ್ತದೆ. ಸೆರಗು ಅಡ್ಡ ಬಂದರೆ ಬ್ಯಾಟರಿ ಕಾದು ಕೆಲಸ ಕಡಿಮೆ ಮಾಡುತ್ತದೆ, ಇಂಜಿನ್ನೇ ಎಲ್ಲ ಎಳೆಯಬೇಕಾಗುತ್ತದೆ, ಅದಕ್ಕೇ ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು.

"ಅಯ್ಯೋ ಪಾಪ, ಅದರ ಮೂಗು ಮುಚ್ಚಿಬಿಟ್ಟಿದ್ದೆನಲ್ಲ!" ಅಂದರು ಅತ್ತೆ. ಸೆರಗು ಬಿಡಿಸಿಕೊಂಡು, ಜಾಲರಿಯನ್ನು ಒಂದು ಸಲ ಸವರಿ, ಎಡಗಡೆಗೆ ಸರಿದು ಕೂತರು. ಕಾರು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಿಂದ ಆಚೆ ನೋಡುತ್ತಾ ತಣ್ಣಗೆ ಹೇಳಿದರು:

"ಅಂತೂ ಭಾರ ನನ್ನದಲ್ಲ ಅಂತ ಗೊತ್ತಾಯ್ತಲ್ಲ. ನಾನು ಮನೇಲಿ ಉಳಿದಾಗಲೆಲ್ಲ ನೀನು ಕಾರಲ್ಲಿ ಹೋಗಿ ಅಷ್ಟು ಖುಷಿಯಾಗಿ ವಾಪಸ್ ಬರ್ತಿದ್ದೆ. ನಂಗೆ ಅರ್ಥ ಆಗಲ್ವೇನಮ್ಮ?"

ಮುದೀರರ ಇಪ್ಪತ್ತೇಳು

ಕಾರ್ಖಾನೆಯಲ್ಲಿ ನಮ್ಮ ಲ್ಯಾಬಿನ ಮುದೀರ್, ಅಂದರೆ ಮುಖ್ಯಸ್ಥರು, ಕುವೈತಿನವರೇ. ದೊಡ್ಡ ಆಳು, ದೊಡ್ಡ ನಗು, ಅದಕ್ಕಿಂತ ದೊಡ್ಡ ಜೀಪು. ನನ್ನ ಕಾರನ್ನು ಕಂಡಾಗಲೆಲ್ಲ, "ಮೇಡಂ, ನಿಮ್ಮ ಮಗಳು ಆಟಿಕೆ ಇಲ್ಲಿ ಬಿಟ್ಟು ಹೋಗಿದ್ದಾಳೆ," ಅನ್ನುತ್ತಿದ್ದರು.

ಆ ವರ್ಷ ನನ್ನ ಗುತ್ತಿಗೆ ಮುಗಿಯುವುದಿತ್ತು. ಲ್ಯಾಬಿನಲ್ಲಿ ಒಂದು ಹುದ್ದೆ ತೆಗೆಯುತ್ತಾರೆ ಅಂತ ಸುದ್ದಿ. ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಭಾನುವಾರ ತಪಾಸಣೆಗೆ ಬಂದು ತೀರ್ಮಾನ ಮಾಡುವವರಿದ್ದರು. ಶಿಫಾರಸು ಮಾಡಬೇಕಾದವರು ನಮ್ಮ ಮುದೀರ್.

ಅದೇ ವಾರ ಮುದೀರರ ಜೀಪು ಗ್ಯಾರೇಜಿಗೆ ಹೋಗಿ, ಅವರನ್ನು ನಾನು ಮನೆಗೆ ಬಿಡಬೇಕಾಯಿತು. ಮೊಣಕಾಲು ಗಲ್ಲಕ್ಕೆ ತಗುಲುವಂತೆ ಮುದುಡಿ ಕೂತರು. ಮೊದಲು ನಗುತ್ತಿದ್ದರು. ಆಮೇಲೆ ಸ್ಕ್ರೀನ್ ನೋಡತೊಡಗಿದರು. ಮನೆ ಮುಂದೆ ಇಳಿದವರು ಹೋಗದೆ ಕಿಟಕಿಗೆ ಬಗ್ಗಿ ಕೇಳಿದರು.

"ಈ ನಂಬರು ಇನ್ನೂ ಮೇಲೆ ಹೋಗುತ್ತದಾ?"

"ನನ್ನ ದಾಖಲೆ ಇಪ್ಪತ್ತಾರು, ಸರ್."

"ನಾನು ಇಪ್ಪತ್ತೇಳು ತರುತ್ತೇನೆ."

ಗುರುವಾರ ಅವರ ಜೀಪು ವಾಪಸ್ ಬಂದ ಕೂಡಲೇ ಅದರ ಕೀಲಿ ನನಗೆ ಕೊಟ್ಟು, ನನ್ನ ಕಾರು ತೆಗೆದುಕೊಂಡು ಹೋದರು. ಎರಡು ದಿನ ರಜೆ. ಆ ರಜೆಯಲ್ಲಿ ನಾನು ಆ ಜೀಪನ್ನು ಒಮ್ಮೆ ಹತ್ತಿ ತರಕಾರಿ ತಂದೆ. ಪೆಟ್ರೋಲಿನ ಮುಳ್ಳು ಗಡಿಯಾರದ ಮುಳ್ಳಿನ ಹಾಗೆ ಕಣ್ಣೆದುರೇ ಚಲಿಸುತ್ತಿತ್ತು.

ಭಾನುವಾರ ಎಲ್ಲರೂ ಬೇಗ ಬಂದು ಗಾಜು ಒರೆಸಿ ಸಾಲಾಗಿ ನಿಂತೆವು. ದೊಡ್ಡ ಸಾಹೇಬರು ಬರುವ ಹೊತ್ತಾಯಿತು. ಮುದೀರರ ಪತ್ತೆಯಿಲ್ಲ. ಫೋನ್ ಮಾಡಿದೆ. ಸ್ಪೀಕರಿನಲ್ಲಿ ಅವರ ಪಿಸುದನಿ ಕೇಳಿಸಿತು, ಜೋರಾಗಿ ಮಾತಾಡಿದರೆ ಪೆಟ್ರೋಲ್ ಖರ್ಚಾಗುವುದೋ ಎಂಬಂತೆ.

"ಮೇಡಂ, ದಾರಿಯಲ್ಲಿದ್ದೇನೆ. ಇಪ್ಪತ್ತಾರೂವರೆ."

"ಸರ್, ಸಾಹೇಬರು ಈಗ ಬರುತ್ತಾರೆ!"

"ಈಗ ಕಾಲು ಒತ್ತಿದರೆ ಎಲ್ಲ ಹೋಗುತ್ತದೆ. ಎಸಿ ಕೂಡ ಆರಿಸಿದ್ದೇನೆ," ಅಂದು ಇಟ್ಟುಬಿಟ್ಟರು.

ಪುಣ್ಯಕ್ಕೆ ದೊಡ್ಡ ಸಾಹೇಬರೂ ತಡವಾಗಿಯೇ ಬಂದರು. ಆದರೆ ಬಂದದ್ದು ಬೆಂಕಿಯಾಗಿ. ಕಾರ್ಖಾನೆಯ ರಸ್ತೆಯಲ್ಲಿ ರಿಪೇರಿ ನಡೆದು ಒಂದೇ ಸಾಲು ತೆರೆದಿತ್ತಂತೆ. ಮುಂದೆ ಒಂದು ಸಣ್ಣ ಬಿಳಿ ಕಾರು, ಆಮೆಯಂತೆ. ಇವರ ಡ್ರೈವರ್ ಹಾರ್ನ್ ಹೊಡೆದ, ಲೈಟ್ ಹಾಕಿದ. ಆ ಕಾರಿನವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಐದೂ ಬೆರಳ ತುದಿ ಕೂಡಿಸಿ, 'ಸ್ವಲ್ಪ ತಾಳಪ್ಪ' ಅಂತ ಸನ್ನೆ ಮಾಡಿದನಂತೆ! ಸಾಹೇಬರು ನಂಬರ್ ಪ್ಲೇಟ್ ಬರೆದುಕೊಂಡು ಬಂದಿದ್ದರು. ಸೆಕ್ಯುರಿಟಿಯವನನ್ನು ಕರೆದು, "ಇದು ಯಾರ ಕಾರು?" ಅಂದರು.

ಅವನು ಚೀಟಿ ನೋಡಿ, ಬಹಳ ಸಂಕಟದಿಂದ ನನ್ನ ಕಡೆ ಕೈ ತೋರಿಸಿದ.

"ನಿಮ್ಮದಾ?" ಅಂದರು ಸಾಹೇಬರು.

"ಕಾರು ನನ್ನದೇ ಸರ್. ಆದರೆ ನಾನು ಬೆಳಗಿನಿಂದ ಇಲ್ಲೇ ಇದ್ದೇನೆ."

"ಹಾಗಾದರೆ ಓಡಿಸುತ್ತಿದ್ದ ಆ ಹುಚ್ಚ ಯಾರು?"

ಹೆಸರು ಹೇಳಿದರೆ ಶಿಫಾರಸು ಮಾಡುವವರು ಕೈ ಬಿಡುತ್ತಾರೆ. ಹೇಳದಿದ್ದರೆ ಸಹಿ ಹಾಕುವವರು ಕೈ ಬಿಡುತ್ತಾರೆ. ಸ್ಯಾಂಪಲ್ ಬಾಟಲಿಯೊಂದನ್ನು ಹಿಡಿದುಕೊಂಡು ನೆಲ ನೋಡುತ್ತಾ ನಿಂತೆ. ಲ್ಯಾ‌ಬಿನಲ್ಲಿ ಉಳಿದವರೆಲ್ಲ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದರು.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಮುದೀರ್! ಉದ್ದನೆಯ ಬಿಳಿ ದಿಶ್ದಾಶಾ ಬೆವರಿನಲ್ಲಿ ತೊಯ್ದು ಮೈಗೆ ಅಂಟಿದೆ, ಮುಖ ಟೊಮೆಟೊ ಹಣ್ಣಾಗಿದೆ, ಸ್ಕ್ರೀನಿನ ಫೋಟೊ ತೆಗೆದ ಫೋನನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದಾರೆ. ಗೇಟಿನೊಳಗೆ ಬಂದಾಗ ಇನ್ನೂ ಕೂದಲೆಳೆಯಷ್ಟು ಕಡಿಮೆಯಿತ್ತಂತೆ, ಅದಕ್ಕೆ ಕಾರ್ಖಾನೆಯ ಸುತ್ತ ಇನ್ನೊಂದು ಸುತ್ತು ಹೊಡೆದು ಬಂದಿದ್ದರು.

"ಮೇಡಂ! ಇಪ್ಪತ್ತೇಳು! ನಿಮ್ಮ ದಾಖಲೆ ಖಲಾಸ್!"

ಆಮೇಲೆ ಅವರಿಗೆ ಸಾಹೇಬರು ಕಂಡರು.

ಸಾಹೇಬರು ಮುದೀರರನ್ನು ಮೇಲಿಂದ ಕೆಳಗೆ ನೋಡಿದರು. ಕೈ ಚಾಚಿ ಫೋನ್ ಇಸಿದುಕೊಂಡರು. ಫೋಟೊವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಒಂದು ಲೀಟರಿಗಾ?" ಅಂದರು.

"ಒಂದು ಲೀಟರಿಗೆ," ಅಂದರು ಮುದೀರ್ ಸಣ್ಣ ದನಿಯಲ್ಲಿ.

"ಸಾಧ್ಯವೇ ಇಲ್ಲ. ಎಲ್ಲಿದೆ ಆ ಕಾರು?"

ತಪಾಸಣೆ ಅಲ್ಲಿಗೇ ನಿಂತಿತು. ಸಾಹೇಬರು ಡ್ರೈವರ್ ಸೀಟಿನಲ್ಲಿ, ಹೇಳಿಕೊಡಲು ನಾನು ಪಕ್ಕದಲ್ಲಿ, ಒದ್ದೆ ದಿಶ್ದಾಶಾದಲ್ಲಿ ಮುದೀರ್ ಹಿಂದೆ. ಕಾರ್ಖಾನೆಯ ಸುತ್ತಿನ ರಸ್ತೆಯಲ್ಲಿ ಹೊರಟೆವು.

"ಕಾಲು ಮೆತ್ತಗೆ ಸರ್. ಪೆಡಲಿನ ಮೇಲೆ ಕೋಳಿಮೊಟ್ಟೆ ಇಟ್ಟಿದ್ದಾರೆ ಅಂದುಕೊಳ್ಳಿ."

ಮೊದಲ ಸುತ್ತು ಹನ್ನೊಂದು ಬಂತು. ಹಿಂದಿನಿಂದ ಮುದೀರ್ ಕಿಸಕ್ಕನೆ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. "ಇನ್ನೊಂದು ಸಲ," ಅಂದರು. ಹದಿನಾಲ್ಕು ಬಂತು. "ಇನ್ನೊಂದು ಸಲ." ಎಸಿ ತಾವೇ ಆರಿಸಿದರು. ಅವರ ಜೊತೆ ಬಂದಿದ್ದ ಅಧಿಕಾರಿಗಳ ಗಾಡಿಗಳೆಲ್ಲ ಮೆರವಣಿಗೆಯಂತೆ ಹಿಂದೆ ತೆವಳುತ್ತಿದ್ದವು, ಹಾರ್ನ್ ಹೊಡೆಯಲು ಯಾರಿಗೂ ಧೈರ್ಯವಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತೊಂಬತ್ತು ಬಂತು. ಸಾಹೇಬರು ಇಳಿದು, ಒಂದು ಮಾತೂ ಆಡದೆ ತಮ್ಮ ಕಾರು ಹತ್ತಿ ಹೊರಟುಹೋದರು. ನನ್ನ ಗುತ್ತಿಗೆಯ ಕಾಗದ ಸಹಿಯಿಲ್ಲದೆ ಮೇಜಿನ ಮೇಲೇ ಉಳಿಯಿತು.

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಗಳ ಶಾಲೆ, ಮನೆ ಬಾಡಿಗೆ, ಊರಿಗೆ ಹೋಗಿ ಮಾಡುವುದೇನು ಅಂತ ಮಾತಾಡಿಕೊಂಡೆವು.

ಮರುದಿನ ಮುದೀರ್ ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಅದೇ ಕಾಗದ. ಕೆಳಗೆ ಸಹಿ.

"ಬೆಳಿಗ್ಗೆ ತರಿಸಿಕೊಂಡು ಹಾಕಿದರು," ಅಂದರು ಮುದೀರ್.

"ಸರ್, ತುಂಬಾ ಉಪಕಾರವಾಯಿತು! ನನ್ನ ಕೆಲಸದ ಬಗ್ಗೆ ನೀವು ಒಳ್ಳೆಯ ಮಾತು ಹೇಳಿರಬೇಕು."

"ಕೆಲಸದ ಬಗ್ಗೆ ಅವರು ಕೇಳಲೇ ಇಲ್ಲ. ಅವರೂ ಇಂಥದೇ ಕಾರು ತರಿಸುತ್ತಿದ್ದಾರಂತೆ. ನನ್ನ ಇಪ್ಪತ್ತೇಳು ಲೆಕ್ಕಕ್ಕಿಲ್ಲವಂತೆ, ಊರವರ ದಾರಿ ತಡೆದು ತಂದದ್ದು ಅಂತ. ನಿಮ್ಮ ಇಪ್ಪತ್ತಾರನ್ನು ಸೋಲಿಸಬೇಕಂತೆ. 'ನಾನು ಆ ಮೇಡಮ್ಮನ್ನು ಸೋಲಿಸುವವರೆಗೆ ಅವರು ಕುವೈತ್ ಬಿಟ್ಟು ಹೋಗಕೂಡದು' ಅಂದರು."

ನನಗೆ ನಗುವೇ ತಡೆಯಲಿಲ್ಲ. ಮುದೀರ್ ಮಾತ್ರ ನಗಲಿಲ್ಲ. ಎದ್ದು ಬಾಗಿಲು ಮುಚ್ಚಿ ಬಂದು, ಮೇಜಿನ ಮೇಲೆ ಬಗ್ಗಿ, ತೀರಾ ಗುಟ್ಟಿನ ದನಿಯಲ್ಲಿ ಹೇಳಿದರು:

"ಮೇಡಂ, ಇಷ್ಟು ದಿನ ನೀವು ಪೆಟ್ರೋಲ್ ಉಳಿಸಲು ನಿಧಾನ ಹೋಗುತ್ತಿದ್ದಿರಿ. ಇನ್ನು ಮೇಲೆ ಕೆಲಸ ಉಳಿಸಲು ಇನ್ನೂ ನಿಧಾನ ಹೋಗಿ. ಸಾಹೇಬರು ನಿನ್ನೆ ರಾತ್ರಿ ತಮ್ಮ ಭಾವಮೈದುನನ ಹೈಬ್ರಿಡ್ ಕಾರಿನಲ್ಲಿ ಇಪ್ಪತ್ನಾಲ್ಕಕ್ಕೆ ಬಂದಿದ್ದಾರೆ."